ತೊಂಬತ್ತಾರು ಕುಳಿ

ವೆಲ್ಸಾಂವ್ ದಂಡೆಯಲ್ಲಿ ಅದು ಸಿಕ್ಕಾಗ
ಲೈಫ್‌ಗಾರ್ಡ್ ಪುಂಡಲೀಕ ಗಾಂವಕರ್
ತನ್ನ ಅಂಗಿಯನ್ನೇ ಒದ್ದೆ ಮಾಡಿ ಹೊದಿಸಿದ್ದ.
ಎರಡು ಮೊಳದ ಮೇಲೊಂದು ಗೇಣು, ಡಾಲ್ಫಿನ್ ಮರಿ.
ಪಕ್ಕೆಯ ಮೇಲೆ ಬಸಿರೊಳಗೆ ಮಡಚಿಕೊಂಡಿದ್ದ ಗೆರೆಗಳು
ಇನ್ನೂ ಪೂರ್ತಿ ಮಾಸಿರಲಿಲ್ಲ,
ಟ್ರಂಕಿನಿಂದ ತೆಗೆದು ಎರಡು ಸಲ ಉಟ್ಟ ಸೀರೆಯ ಹಾಗೆ.

ಡಾಕ್ಟರ್ ಎಫಿಜೆನಿಯಾ ಕುಲಾಸೊ
ಬಾಲದಂಚಿನಲ್ಲಿ ರಕ್ತನಾಳ ಹುಡುಕಿದರು.
ಹಿಡಿದುಕೋ ಅಂದರು. ಹಿಡಿದೆ.
ನೆನೆದ ರಬ್ಬರು. ಒಳಗೆ ನಾಡಿ
ಹೊತ್ತು ಮೀರಿದವರಂತೆ ಓಡುತ್ತಿತ್ತು.
ಎಂಟು ಮಿಲಿಲೀಟರ್ ರಕ್ತ,
ಮೀನು ಮಾರುವ ಇನಾಸಿನ್ಹಾಳ ಐಸ್ ಡಬ್ಬಿಯಲ್ಲಿ
ಬಾಂಗಡೆಗಳ ನಡುವೆ ಕೂತು ವಾಸ್ಕೋಗೆ ಬಂತು.
ಮರಿ ಬರಲಿಲ್ಲ. ಭರತ ಏರುವ ಮುಂಚೆಯೇ
ಪುಂಡಲೀಕ ಅಂಗಿ ವಾಪಸು ತೊಟ್ಟುಕೊಂಡಿದ್ದ.

ಲ್ಯಾಬಿನಲ್ಲಿ ನನ್ನ ಕೆಲಸ ಸಣ್ಣದು.
ಅಳಗುಳಿಮಣೆಯಂಥ ತಟ್ಟೆ, ತೊಂಬತ್ತಾರು ಕುಳಿ.
ಮೊದಲ ಕುಳಿಗೆ ಹನಿ, ಮುಂದಿನದಕ್ಕೆ ಅದರರ್ಧ,
ಅರ್ಧದ ಅರ್ಧ, ಅದರಲ್ಲೂ ಅರ್ಧ.
ಹಳದಿ ಎಲ್ಲಿಯವರೆಗೆ ಉಳಿಯುತ್ತದೋ
ಅಲ್ಲಿಯವರೆಗೆ ತಾಯಿ ಇದ್ದಾಳೆ.

ಗಿಣ್ಣದ ಹಾಲಿನಲ್ಲಿ ಬಂದ ಕಾವಲು ಅದು.
ಅವಳು ಎಂದೋ ಗೆದ್ದ ರೋಗಗಳ ಹೆಸರು,
ಮರಿಗೆ ಅಕ್ಷರ ಬರುವ ಮುನ್ನ ಓದಿ ಹೇಳಿದ್ದು.
ತಿಂಗಳು ತಿಂಗಳಿಗೂ ತೆಳುವಾಗುತ್ತದೆ.
ಅವಳದು ತೀರುವುದಕ್ಕೂ ತನ್ನದು ಹುಟ್ಟುವುದಕ್ಕೂ ನಡುವೆ
ಒಂದು ಸಂದು.
ವೈರಸ್ಸಿಗೆ ಅಷ್ಟು ಸಾಕು.

ಮೂರನೇ ಕುಳಿಗೆ ತಾಯಿ ನಿಂತಳು.
ಕೆಳಗಿನ ಸಾಲು ಮರಿಯ ಸ್ವಂತದ್ದನ್ನು ಕೇಳುವುದು.
ಅಲ್ಲಿ ಮೊದಲನೆಯದೊಂದೇ,
ಅದೂ ನಿಂಬೆಸಿಪ್ಪೆ ತೊಳೆದ ನೀರಿನಷ್ಟು.
ಯಂತ್ರ ಅದನ್ನು ‘ಸಂಶಯ’ ಎಂದು ಅಚ್ಚು ಹಾಕಿತು.
ಕಿಟಕಿಯ ಬೆಳಕಿಗೆ ಹಿಡಿದೆ. ಇತ್ತು.
ಮರಿ ತನ್ನ ಉತ್ತರ ಬರೆಯಲು ಕೂತಿತ್ತು,
ಒಂದಕ್ಷರ ಆಗಿತ್ತು.

ಭಾನುವಾರ, ಝುವಾರಿ ನಗರದ ಖೋಲಿಯಲ್ಲಿ
ಅವ್ವ ತಿಸ್ರಿ ಬಿಡಿಸುತ್ತಿದ್ದಳು.
ಕೊಪ್ಪಳದ ಹುಲಿಗೆಮ್ಮನಿಗೆ ಚಿಪ್ಪು ಒಡೆಯಲು ಕಲಿಸಿದ್ದು
ಬೈನಾದ ಮುರಿದ ಗುಡಿಸಲುಗಳ ನೆರೆಹೊರೆ.
ನಾನು ಹೇಳುತ್ತ ಹೋದೆ: ಇದು ನಮ್ಮ ದಡಾರದ ದಾಯಾದಿ.
ಆ ಕುಲವೇ ಹಾಗೆ, ಬಂದು ಹೋಗುವಾಗ
ಹಿಂದೆ ಗೆದ್ದದ್ದನ್ನೆಲ್ಲ ಮೈಯಿಂದ ಒರೆಸಿಬಿಡುತ್ತದೆ.
ಮತ್ತೆ ಒಂದನೇ ಇಯತ್ತೆಯಿಂದ ಶುರು.

ಅವಳ ಚಾಕು ನಿಂತಿತು.
“ನಿನಗ ಗೊಬ್ಬರ ಎದ್ದಿದ್ದು ಒಂದೂವರಿ ವರ್ಸಕ್ಕ.
ಆಮ್ಯಾಲ ಕಿವಿ ಸೋರೂದು, ಕೆಮ್ಮು, ಭೇದಿ,
ಒಮ್ಮೆ ಬಂದ್ಹೋದದ್ದೆಲ್ಲಾ ತಿರುಗಿ ಬಂತು.
ಹನ್ನೊಂದ ದಿನದ ಬಾಣಂತಿ ನಾ,
ಬಂದರಿನ್ಯಾಗ ಅದಿರಿನ ಪುಟ್ಟಿ ಹೊತ್ತೆ.
ನನ್ನ ಹಾಲು ಸಾಲಲಿಲ್ಲ, ಅದಕ್ಕ ಹೀಂಗಾತು ಅಂದ್ಕೊಂಡೆ.”

ಇಪ್ಪತ್ತೊಂಬತ್ತು ವರ್ಷ ಅಂದುಕೊಂಡಿದ್ದಳು.

“ಹಾಲಿಂದಲ್ಲವ್ವ,” ಅಂದೆ.
ಗಂಟಲಲ್ಲಿ ಇನ್ನೇನೋ ಇತ್ತು, ಪಕ್ಕದ ಮನೆಯವರು
ನಲ್ಲಿ ಬಂತು ಎಂದು ಕೂಗಿದರು.
ಕೊಡ ತುಂಬಿಸಿ ಬಂದಾಗ ಅವಳು ಮತ್ತೆ ಚಿಪ್ಪು ಬಿಡಿಸುತ್ತಿದ್ದಳು,
ಮೊದಲಿಗಿಂತ ನಿಧಾನ.
ತಲೆ ಎತ್ತದೆ ಕೇಳಿದಳು:
“ಅದರ ತಾಯಿಗೆ ಇದನ್ನ ಯಾರು ಹೇಳ್ತಾರ?”

ಸೋಮವಾರ, ಅಚ್ಚಾದ ‘ಸಂಶಯ’ದ ಪಕ್ಕ
ಪೆನ್ಸಿಲಿನಲ್ಲಿ ಬರೆದೆ: ಸ್ವಲ್ಪ ಇದೆ.
ಡಾಕ್ಟರ್ ಎಫಿಜೆನಿಯಾ ಕನ್ನಡಕ ಮೇಲೇರಿಸಿ
ಹಾಳೆಯನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು.
ಅಳಿಸಲಿಲ್ಲ.
ಇನ್ನೊಮ್ಮೆ ಮಾಡು, ಅಂದರು.